ಎಂಬಿಬಿಎಸ್ ಆಯ್ತು, ಲೈಫ್‌ಸ್ಟೈಲ್ ಮೆಡಿಸಿನ್ ಕಡೆ ಮನಸ್ಸು ಎಳೆಯುತ್ತಿದೆ. ದಾರಿ ಗೊತ್ತಿರುವವರು ಹೇಳಿ

ನೈಟ್‌ಡ್ಯೂಟಿ_ಡಾಕ್ಟರ್ · ಸೋಮವಾರ, ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಂಬಿಬಿಎಸ್ ಮುಗಿಸಿ, ಒಂದು ವರ್ಷದ ಕಡ್ಡಾಯ ಸೇವೆಯನ್ನು ಹಳ್ಳಿ ಕಡೆ ಮುಗಿಸಿ, ಈಗ ಬೆಂಗಳೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ವಾರಕ್ಕೆ ನಾಲ್ಕು ರಾತ್ರಿ. ಹಗಲು ಪೂರ್ತಿ ನೀಟ್-ಪಿಜಿಗೆ ಓದುತ್ತಿದ್ದೇನೆ ಅಂತ ಮನೆಯವರು ನಂಬಿದ್ದಾರೆ.

ಕಳೆದ ವಾರ ಒಬ್ಬ ಹೆಂಗಸು ಕಾಲಿನ ಗಾಯ ಕೀವಾಗಿ ಸೇರಿದ್ದರು. ವಯಸ್ಸು ಐವತ್ತು ದಾಟಿದೆ. ಕೆ.ಆರ್. ಮಾರ್ಕೆಟ್‌ನಿಂದ ಹೂವು ತಂದು, ಕಟ್ಟಿ, ಬೀದಿಯಲ್ಲಿ ಮಾರುತ್ತಾರೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) 10.8. ಶುಗರ್ ಮಾತ್ರೆ ತಪ್ಪಿಸುವುದೇ ಇಲ್ಲವಂತೆ. ಮೂರು ದಿನ ಇದ್ದು ಹೊರಟರು. ಡಿಸ್ಚಾರ್ಜ್ ಕಾಗದದ ಜತೆ ನಮ್ಮಲ್ಲಿ ಎಲ್ಲರಿಗೂ ಕೊಡುವ ಡಯಟ್ ಚಾರ್ಟನ್ನು ಪಿನ್ ಮಾಡಿ ಕೊಟ್ಟೆ. ಜೆರಾಕ್ಸಿನ ಜೆರಾಕ್ಸ್, ಅರ್ಧ ಅಕ್ಷರ ಮಾಸಿದೆ, ಅದೂ ಇಂಗ್ಲಿಷಿನಲ್ಲಿ. 8 ಗಂಟೆಗೆ ಓಟ್ಸ್, 11ಕ್ಕೆ ಗ್ರೀನ್ ಟೀ, 1ಕ್ಕೆ ಎರಡು ಫುಲ್ಕಾ, ಬೇಯಿಸಿದ ಬ್ರೊಕೊಲಿ. ಓದಿ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಡಾಕ್ಟ್ರಮ್ಮ, ಎಂಟು ಗಂಟೆ ಹೊತ್ತಿಗೆ ನಾನು ಅರ್ಧ ಹೂವು ಮಾರಿರ್ತೀನಿ" ಅಂದರು.

ಅವರ ದಿನ ಶುರುವಾಗುವುದು ರಾತ್ರಿ 3ಕ್ಕೆ. ಎದ್ದ ತಕ್ಷಣ ಕಾಫಿ, ಅದರ ಜತೆಗೇ "ತಿಂಡಿಗೆ ಮುಂಚೆ" ಮಾತ್ರೆ. ಮಾರ್ಕೆಟ್‌ನಲ್ಲಿ 5-6 ಗಂಟೆಗೆ ಕೈ ನಡುಗುತ್ತದೆ, ಆಗ ಬನ್ನು, ಟೀ. ಮನೆಗೆ ಬಂದು ಊಟ ಅನ್ನುವುದು ಹತ್ತೂವರೆಗೆ. ಈ ಚಾರ್ಟು ಯಾವ ಮನುಷ್ಯರಿಗೆ ಬರೆದದ್ದು ಅಂತ ನನಗೇ ನಾಚಿಕೆಯಾಯಿತು.

ಊಟ, ನಿದ್ದೆ, ನಡಿಗೆಯಂಥ ದಿನಚರಿಯನ್ನು ಸರಿಪಡಿಸಿ ಕಾಯಿಲೆ ನೋಡುವ ಲೈಫ್‌ಸ್ಟೈಲ್ ಮೆಡಿಸಿನ್ ಅಂತ ಒಂದು ಶಾಖೆ ಇದೆ ಅಂತ ಕೇಳಿದ್ದೇನೆ. ಅದಕ್ಕೆ ಹೋಗಲಾ? ಏನು ಓದಬೇಕು? ಹೊಟ್ಟೆಪಾಡು ನಡೆಯುತ್ತದಾ? ಅಪ್ಪನದು ಒಂದೇ ಮಾತು, "ಮೊದಲು ಜನರಲ್ ಮೆಡಿಸಿನ್ ಎಂಡಿ ಮಾಡು, ಆಮೇಲೆ ಏನಾದ್ರೂ ಮಾಡ್ಕೊ."

ಗಾಂಧಿಬಜಾರ್_ಗುರು · ಸೋಮವಾರ, 9:15

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ವಾಕಿಂಗ್ ಮಾಡಿ, ಅನ್ನ ಕಡಿಮೆ ಮಾಡಿ, ಟೆನ್ಷನ್ ಮಾಡ್ಕೋಬೇಡಿ. ಇದನ್ನು ಹೇಳೋಕೆ ಡಾಕ್ಟರ್ ಬೇಕಾ? ಲಾಲ್‌ಬಾಗ್‌ಗೆ ಬೆಳಿಗ್ಗೆ ಆರು ಗಂಟೆಗೆ ಬನ್ನಿ, ಬಿಟ್ಟಿ ಸಲಹೆ ಕೊಡುವವರು ಒಂದೊಂದು ಬೆಂಚಿಗೆ ನಾಲ್ಕು ಜನ ಸಿಗ್ತಾರೆ. ಐದೂವರೆ ವರ್ಷ ಓದಿದ್ದು ಇದಕ್ಕಾ?

ಹಳೇ_ಫಿಜಿಷಿಯನ್ · ಸೋಮವಾರ, ಮಧ್ಯಾಹ್ನ 2:30

ಡಾಕ್ಟ್ರೇ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನೀವೇ ಬರೆದಿರುವುದನ್ನು ಇನ್ನೊಂದು ಸಲ ಓದಿ. ಕೈ ನಡುಗುತ್ತದೆ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಆ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆಯಾ? ಇದ್ದರೆ, ಊಟ ಬರಲಿ ಬಿಡಲಿ ಅದು ಇನ್ಸುಲಿನ್ ಹೊರಡಿಸುತ್ತದೆ. ದಿನದ ಮೊದಲ ಸರಿಯಾದ ಊಟದ ಜತೆ ತಗೋಬೇಕಾದದ್ದು ಅದು. ಈಕೆ 3 ಗಂಟೆಗೆ ಬರೀ ಕಾಫಿ ಮೇಲೆ ನುಂಗಿ, ಹೂವಿನ ಮೂಟೆ ಹೊತ್ತು, ಏಳೂವರೆ ಗಂಟೆ ಊಟವಿಲ್ಲದೆ ಇರುತ್ತಾರೆ. ಶುಗರ್ ಇಳಿದು ಕೈ ನಡುಗಿರಬಹುದು. ಅಥವಾ ಸದಾ ಮುನ್ನೂರರಲ್ಲಿ ಇದ್ದ ಮೈಗೆ ನೂರಮೂವತ್ತಕ್ಕೆ ಬಂದರೂ ನಡುಕ ಬರಬಹುದು. ಗ್ಲುಕೋಮೀಟರ್ ಇಟ್ಟು ಆ ಹೊತ್ತಿಗೇ ನೋಡದೆ ಗೊತ್ತಾಗುವುದಿಲ್ಲ. ನಡುಕಕ್ಕೆ ಬನ್ನು, ಬನ್ನಿಗೆ ಶುಗರ್ರು, ಶುಗರ್ರಿಗೆ ಮತ್ತೆ ಜಾಸ್ತಿ ಮಾತ್ರೆ. ಬನ್ನು ತಿನ್ನಬೇಡಿ ಅಂತ ಆಕೆಗೆ ಹೇಳಿಬಿಟ್ಟರೆ, ಸಿಕ್ಕಿದ್ದ ಒಂದೇ ರಕ್ಷಣೆಯನ್ನೂ ಕಿತ್ತುಕೊಂಡ ಹಾಗೆ. ಇವತ್ತೇ ಫೋನ್ ಮಾಡಿ ಕರೆಸಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ, ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದರು. ರಾತ್ರಿ ಅನ್ನ ಬಿಡಿ ಅಂದೆ. ಶಿಸ್ತಿನ ಮನುಷ್ಯ, ಅವತ್ತಿನಿಂದಲೇ ಬಿಟ್ಟರು. ಕೋಸಂಬರಿ, ಒಂದು ಲೋಟ ಮಜ್ಜಿಗೆ, ಅಷ್ಟೇ. ನಾನು ಅನ್ನ ಇಳಿಸಿದೆ, ರಾತ್ರಿಯ ಇನ್ಸುಲಿನ್ ಇಳಿಸಲಿಲ್ಲ. ಐದನೇ ದಿನ ಬೆಳಗಿನ ಜಾವ ಬೆವರಿನಲ್ಲಿ ತೊಯ್ದು, ಕರೆದರೆ ಓಗೊಡದೆ ಬಿದ್ದಿದ್ದರು. ಶುಗರ್ 38. ಬದುಕಿಕೊಂಡರು. ಅವರ ಹೆಂಡತಿ ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು. "ನೀವು ಹೇಳಿದ ಹಾಗೇ ಮಾಡಿದ್ರು ಸಾರ್" ಅಂದರು, ಅಷ್ಟೇ.

ಅದಕ್ಕೇ ಗುರುಗಳೇ, ಡಾಕ್ಟರ್ ಬೇಕು. ಲಾಲ್‌ಬಾಗ್ ಬೆಂಚಿನವರಿಗೆ ಯಾವ ಮಾತ್ರೆ ಯಾವಾಗ ಇಳಿಸಬೇಕು ಅನ್ನುವುದು ಗೊತ್ತಿರಲ್ಲ. ಡಾಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆ ತಗೊಳ್ಳುತ್ತಾ ಅನ್ನ-ಮುದ್ದೆ ಪೂರ್ತಿ ಬಿಟ್ಟವರಿಗೆ, ಶುಗರ್ ಅಷ್ಟೇನೂ ಏರದೆ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆಗಬಹುದು. ಬಿಪಿಗೆ ಒಳ್ಳೆಯದು ಅಂತ ಪೊಟ್ಯಾಸಿಯಂ ಸೇರಿಸಿದ ಉಪ್ಪು ಈಗ ಅಂಗಡಿಯಲ್ಲಿ ಸಿಗುತ್ತದೆ. ಹಲವರಿಗೆ ಅದು ನಿಜವಾಗಿಯೂ ಒಳ್ಳೆಯದೇ. ಕಿಡ್ನಿ ಕೆಟ್ಟು, ಮೇಲೆ ಟೆಲ್ಮಿಸಾರ್ಟನ್ ಅನ್ನುವ ಬಿಪಿ ಮಾತ್ರೆ ನುಂಗುವವರಿಗೆ ಅದೇ ಉಪ್ಪು ಎದೆಬಡಿತವನ್ನೇ ಕೆಡಿಸಬಹುದು.

ಗಾಂಧಿಬಜಾರ್_ಗುರು · ಸೋಮವಾರ, 3:05

ಮೇಷ್ಟ್ರ ಕಥೆ ಓದಿ ಸುಮ್ಮನಾದೆ ಸರ್. ಆದರೂ ಒಂದು ಕೇಳ್ತೀನಿ. ಡಾಕ್ಟರ್ ಹೇಳಿದರೂ ಜನ ಬದಲಾಗ್ತಾರಾ? ನಮ್ಮನೇಲಿ ನಾನೇ ಬದಲಾಗಿಲ್ಲ.

ಹಳೇ_ಫಿಜಿಷಿಯನ್ · ಸೋಮವಾರ, ರಾತ್ರಿ 9:50

ಬರೀ ಹೇಳಿದರೆ ಬದಲಾಗಲ್ಲ, ಅದು ನಿಜ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಫಲಿತಾಂಶ 2002ರಲ್ಲಿ ಬಂತು. ಶುಗರ್ ಅಂಚಿನಲ್ಲಿದ್ದ 3,234 ಜನ. ತೂಕ 7% ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು ಗುರಿ. ಡಯಾಬಿಟಿಸ್ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡ ಗುಂಪಿನಲ್ಲಿ 31%. ಎಲ್ಲರೂ ಈ 58 ಅನ್ನು ಹೇಳಿ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಒಬ್ಬೊಬ್ಬರ ಜತೆ ಕೂತು 24 ವಾರದಲ್ಲಿ 16 ಪಾಠ ಮಾಡಿದ್ದರು ಅನ್ನುವುದನ್ನು ಯಾರೂ ಹೇಳಲ್ಲ. ನಾವು ಎರಡು ನಿಮಿಷದಲ್ಲಿ "ವಾಕಿಂಗ್ ಮಾಡಿ" ಅಂದು, ಮುಂದಿನವರನ್ನು ಕರೆದು, ಆಮೇಲೆ ಪೇಷೆಂಟ್ ಮಾತು ಕೇಳಲ್ಲ ಅಂತ ದೂರುತ್ತೇವೆ.

ನಮ್ಮ ಕಡೆಯದೂ ಇದೆ. ಚೆನ್ನೈನವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು, 531 ಜನ. ಅಲ್ಲಿ ಜೀವನಶೈಲಿಯಿಂದ 28.5% ಕಡಿಮೆ, ಮೆಟ್‌ಫಾರ್ಮಿನ್‌ನಿಂದ 26.4%. ಎರಡನ್ನೂ ಸೇರಿಸಿದರೆ ಡಬಲ್ ಆಗಲಿಲ್ಲ, 28.2ರಲ್ಲೇ ನಿಂತಿತು. ನಮ್ಮವರು ಅಷ್ಟೇನೂ ದಪ್ಪ ಇಲ್ಲದೆಯೂ ಶುಗರ್ ಬರಿಸಿಕೊಳ್ಳುತ್ತಾರೆ. ಅಮೆರಿಕದ ಲೆಕ್ಕವನ್ನು ಹಾಗೇ ತಂದು ಚಾಮರಾಜಪೇಟೆಯಲ್ಲಿ ಹಚ್ಚಲು ಆಗಲ್ಲ.

ಪರೀಕ್ಷೆ_ಬರೆದವನು · ಮಂಗಳವಾರ, ಬೆಳಿಗ್ಗೆ 7:20

ಲೈಫ್‌ಸ್ಟೈಲ್ ಮೆಡಿಸಿನ್ ಸರ್ಟಿಫಿಕೇಟ್ ಇರುವವನು ನಾನು, ಅದರ ಬಗ್ಗೆ ಹೇಳುತ್ತೇನೆ.

ಅಮೆರಿಕನ್ ಕಾಲೇಜ್ ಆಫ್ ಲೈಫ್‌ಸ್ಟೈಲ್ ಮೆಡಿಸಿನ್ ಶುರುವಾದದ್ದು 2004ರಲ್ಲಿ. ಬೋರ್ಡ್ ಪರೀಕ್ಷೆ ಮೊದಲು ನಡೆದದ್ದು 2017ರಲ್ಲಿ. ಅಮೆರಿಕದ ಆಚೆಯವರಿಗೆ ಇಂಟರ್‌ನ್ಯಾಷನಲ್ ಬೋರ್ಡ್ ಇದೆ. ಆರು ಕಂಬ ಅನ್ನುತ್ತಾರೆ: ಊಟ, ಮೈ ಆಡಿಸುವುದು, ನಿದ್ದೆ, ಮನಸ್ಸಿನ ಒತ್ತಡ, ತಂಬಾಕು-ಕುಡಿತದಂಥ ಚಟ, ಜನರ ಒಡನಾಟ. ಕೊನೆಯದನ್ನು ನೋಡಿ ನಾನೂ ನಕ್ಕಿದ್ದೆ. ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರೇ ಇರುವ ವಯಸ್ಸಾದವರನ್ನು ನೋಡತೊಡಗಿದ ಮೇಲೆ ನಗುವುದು ಬಿಟ್ಟೆ. ಮಗ ಡಲ್ಲಾಸ್‌ನಲ್ಲಿ, ಮಗಳು ಪುಣೆಯಲ್ಲಿ, ಇಲ್ಲಿ ಒಬ್ಬರಿಗೋಸ್ಕರ ಯಾರು ಸಾರು ಕುದಿಸುತ್ತಾರೆ? ಬ್ರೆಡ್ಡು, ಬಿಸ್ಕೆಟ್ಟಿನಲ್ಲೇ ರಾತ್ರಿ ಕಳೆಯುತ್ತದೆ.

ಈಗ ಕಹಿ ಮಾತು. ನಮ್ಮ ನ್ಯಾಷನಲ್ ಮೆಡಿಕಲ್ ಕಮಿಷನ್ ಲೆಕ್ಕದಲ್ಲಿ ಇದು ಎಂಡಿ, ಡಿಎಂ ತರಹದ ಪದವಿ ಅಲ್ಲ. 2002ರ ವೃತ್ತಿ ನಡತೆಯ ನಿಯಮದ ಪ್ರಕಾರ, ಆ ವಿಷಯದಲ್ಲಿ ಅರ್ಹತೆ ಇಲ್ಲದೆ ಸ್ಪೆಷಲಿಸ್ಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಬೋರ್ಡಿನ ಮೇಲೆ "ಲೈಫ್‌ಸ್ಟೈಲ್ ಸ್ಪೆಷಲಿಸ್ಟ್" ಅಂತ ದಪ್ಪಕ್ಷರದಲ್ಲಿ ಬರೆಸಿ ಪೇಚಿಗೆ ಸಿಕ್ಕಿಕೊಳ್ಳಬೇಡಿ. ಸ್ವಂತ ಕ್ಲಿನಿಕ್ ತೆರೆದರೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆ-ಕ್ಲಿನಿಕ್ ಕಾಯ್ದೆ) ನೋಂದಣಿಯೂ ಬೇಕು, ಅದನ್ನು ಮರೆಯಬೇಡಿ.

ಪರೀಕ್ಷೆಗೆ ಓದಿದ್ದು ವ್ಯರ್ಥವಾಗಲಿಲ್ಲ. ಪುರಾವೆಯನ್ನು ತೂಗುವುದು ಕಲಿತೆ. ಆದರೆ ನಿಮ್ಮ ಹೂವಿನಮ್ಮನ 3 ಗಂಟೆ ಕಾಫಿ ಆ ಪಠ್ಯದಲ್ಲಿ ಇಲ್ಲ.

ನೈಟ್‌ಡ್ಯೂಟಿ_ಡಾಕ್ಟರ್ · ಮಂಗಳವಾರ, ಸಂಜೆ 5:10

ಹಳೇ ಫಿಜಿಷಿಯನ್ ಸರ್, ಚೀಟಿ ತೆಗೆದು ನೋಡಿದೆ. ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ ಜತೆ. ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಿರಲಿಲ್ಲ. ಅವರ ಸೊಸೆಗೆ ಫೋನ್ ಮಾಡಿ, ನಮ್ಮ ಕನ್ಸಲ್ಟೆಂಟ್ ಹತ್ತಿರ ನಾಳೆ ಬರಲು ಹೇಳಿದ್ದೇನೆ. ಡಯಟ್ ಚಾರ್ಟಿನ ಬಗ್ಗೆ ಇಷ್ಟುದ್ದ ಬರೆದವಳು ಮಾತ್ರೆ ಹೊತ್ತನ್ನೇ ನೋಡಲಿಲ್ಲ.

ಇನ್ನೊಂದು ಪ್ರಶ್ನೆ. ಊಟದ ಬಗ್ಗೆ ಕೇಳುವುದು ಹೇಗೆ? "ಡಯಟ್ ಹೇಗಿದೆ" ಅಂದರೆ ಎಲ್ಲರೂ "ಸ್ವಲ್ಪಾನೇ ತಿನ್ನೋದು ಮೇಡಂ" ಅನ್ನುತ್ತಾರೆ.

ಒಗ್ಗರಣೆ_ಡಯಟೀಷಿಯನ್ · ಮಂಗಳವಾರ, ರಾತ್ರಿ 8:30

ಹಾಗೆ ಕೇಳಿದರೆ ಹಾಗೇ ಉತ್ತರ ಬರೋದು. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೂ ಏನೇನು ಬಾಯಿಗೆ ಹೋಯ್ತು?" ಅಂತ ಕೇಳಿ. ನಿನ್ನೆ ಅನ್ನೋದು ಮುಖ್ಯ. "ಸಾಮಾನ್ಯವಾಗಿ" ಅಂದರೆ ಜನ ಆದರ್ಶ ದಿನ ಹೇಳ್ತಾರೆ, ನಿನ್ನೆ ಅಂದರೆ ಬೋಂಡ ನೆನಪಾಗುತ್ತೆ.

ಎಣ್ಣೆಗೆ ನನ್ನದೊಂದು ಲೆಕ್ಕ ಇದೆ. ಎಷ್ಟು ಚಮಚ ಹಾಕ್ತೀರಿ ಅಂತ ಕೇಳಲೇಬೇಡಿ, ಒಗ್ಗರಣೆಗೆ ಯಾರೂ ಅಳೆಯಲ್ಲ. ತಿಂಗಳಿಗೆ ಎಷ್ಟು ಲೀಟರ್ ತರ್ತೀರಿ, ಮನೇಲಿ ಎಷ್ಟು ಜನ? ನಾಲ್ಕು ಜನಕ್ಕೆ ಐದು ಲೀಟರ್ ಕ್ಯಾನ್ ಖಾಲಿ ಆದರೆ ತಲೆಗೆ ದಿನಕ್ಕೆ 42 ಎಂಎಲ್ ಹತ್ತಿರ, ಅಂದರೆ 38 ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಊಟದ ತಟ್ಟೆಯಲ್ಲಿ, 2000 ಕ್ಯಾಲರಿಗೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ. ಹೊರಗೆ ತಿಂದ ಪೂರಿ ಇದರಲ್ಲಿ ಇನ್ನೂ ಸೇರಿಲ್ಲ. ಈ ಲೆಕ್ಕವನ್ನು ಅವರೇ ಮಾಡಲಿ, ನೀವು ಮಾಡಬೇಡಿ. ಮುಖ ನೋಡಬೇಕು ಆಗ!

ಮುದ್ದೆ ಬಗ್ಗೆ ಹೇಳಲೇಬೇಕು. "ಶುಗರ್ ಇದೆ, ಅದಕ್ಕೆ ಅನ್ನ ಬಿಟ್ಟು ಮೂರು ಮುದ್ದೆ ತಿಂತೀನಿ" ಅನ್ನುವವರು ವಾರಕ್ಕೆ ಇಬ್ಬರಾದರೂ ಬರ್ತಾರೆ. ರಾಗಿಯಲ್ಲಿ ನಾರು ಅಕ್ಕಿಗಿಂತ ಎಷ್ಟೋ ಜಾಸ್ತಿ, ನೂರು ಗ್ರಾಂಗೆ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ. ಎಲ್ಲ ಸರಿ. ಆದರೆ ಅದೇ ನೂರು ಗ್ರಾಂನಲ್ಲಿ 65-70 ಗ್ರಾಂ ಕಾರ್ಬೋಹೈಡ್ರೇಟೂ ಇದೆ. ಮುದ್ದೆ ಬಿಡಿಸಬೇಡಿ, ಗಾತ್ರ ಕೇಳಿ. ಕ್ರಿಕೆಟ್ ಬಾಲಾ, ತೆಂಗಿನಕಾಯಾ? ಜತೆಗೆ ಬಸ್ಸಾರಿನ ಸೊಪ್ಪು-ಕಾಳು ತಟ್ಟೆಗೆ ಬರ್ತಿದೆಯಾ, ಅಥವಾ ಬರೀ ಕಟ್ಟಾ?

ಮತ್ತೆ, ಅಡುಗೆ ಮಾಡುವವರು ಯಾರು ಅಂತ ಕೇಳದೆ ಊಟದ ಮಾತು ಎತ್ತಬೇಡಿ. ಗಂಡನಿಗೆ ಅರ್ಧ ಗಂಟೆ ಪಾಠ ಮಾಡಿ ಕಳಿಸ್ತೀರಿ, ಒಗ್ಗರಣೆ ಸೌಟು ಅವರ ಅಮ್ಮನ ಕೈಯಲ್ಲಿರುತ್ತೆ.

ಸ್ಟೇರಿಂಗ್_ಸ್ವಾಮಿ · ಮಂಗಳವಾರ, ರಾತ್ರಿ 10:45

ನಾನು ಡಾಕ್ಟರ್ ಅಲ್ಲ, ಸಿಟಿ ಬಸ್ ಡ್ರೈವರ್. ಶುಗರ್ ಬಂದು ಎಂಟು ವರ್ಷ. ಪೇಷೆಂಟ್ ಕಡೆಯಿಂದ ಬರೀತೀನಿ, ತಪ್ಪಿದ್ದರೆ ಕ್ಷಮಿಸಿ.

ಆರು ವರ್ಷ ಹೋದ ಕಡೆಯೆಲ್ಲ ಬೈಗುಳ. "ಹೀಗೇ ಮಾಡಿದ್ರೆ ಕಾಲು ತೆಗೀಬೇಕಾಗುತ್ತೆ" ಅಂತ ಒಬ್ಬರು ಅಂದರು. ಅವತ್ತು ಸಂಜೆ ಹೆದರಿಕೆಗೇ ಎರಡು ಟೀ ಜಾಸ್ತಿ ಕುಡಿದೆ. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಸಿಕ್ಕರು. ಮೊದಲು ಕೇಳಿದ್ದು ಡ್ಯೂಟಿ ಎಷ್ಟು ಗಂಟೆಗೆ ಅಂತ. ಆಮೇಲೆ ಪ್ರತಿ ಟ್ರಿಪ್ಪಲ್ಲಿ ಎಲ್ಲಿ ಟೀ ಕುಡೀತೀರಿ ಅಂತ. ಎಣಿಸಿದರೆ ಏಳು. ಒಂದಕ್ಕೆ ಎರಡು ಚಮಚ ಸಕ್ಕರೆ. ಎಪ್ಪತ್ತು ಗ್ರಾಂ ಅಂತ ಪೇಪರ್ ಮೇಲೆ ಬರೆದು ಸುಮ್ನೆ ನನ್ನ ಕಡೆ ತಿರುಗಿಸಿದರು. ಬಿಡಿ ಅನ್ನಲಿಲ್ಲ. "ಯಾವ ಸ್ಟಾಪಿನ ಟೀ ಬಿಟ್ಟರೆ ನಿಮಗೆ ಬೇಜಾರಾಗಲ್ಲ?" ಅಂದರು.

ಮೆಜೆಸ್ಟಿಕ್ ಟೀ ಬಿಡಲ್ಲ ಅಂದೆ, ಅಲ್ಲಿ ನಮ್ಮ ಹುಡುಗರೆಲ್ಲ ಸೇರ್ತಾರೆ. ಸರಿ, ಅದು ಇರಲಿ ಅಂದರು. ಈಗ ಮೆಜೆಸ್ಟಿಕ್‌ನಲ್ಲಿ ಒಂದು ಸಕ್ಕರೆ ಹಾಕಿದ್ದು, ಇನ್ನೆರಡು ಸಪ್ಪೆ. ಮೊದಲ ವಾರ ಕಷಾಯ ಕುಡಿದ ಹಾಗಿತ್ತು.

ಪರೀಕ್ಷೆ_ಬರೆದವನು · ಮಂಗಳವಾರ, ರಾತ್ರಿ 11:20

ಸ್ವಾಮಿಯವರೇ, ನಿಮ್ಮ ಡಾಕ್ಟರ್ ಮಾಡಿದ್ದಕ್ಕೆ ಹೆಸರೇ ಇದೆ, ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಕುಡಿತ ಬಿಡಿಸುವ ಕೆಲಸದ ಬಗ್ಗೆ ಬರೆಯುವಾಗ ಇದನ್ನು ಮೊದಲು ವಿವರಿಸಿದರು. ವಾದ ಮಾಡಿದಷ್ಟೂ ಎದುರಿನವರು ತಮ್ಮ ಪಟ್ಟು ಬಿಗಿ ಮಾಡುತ್ತಾರೆ. ಬದಲಾಗುವ ಕಾರಣ ಅವರ ಬಾಯಿಂದಲೇ ಬರಬೇಕು. ಮೇಡಂ, ಇದನ್ನು ಕಲಿಯಿರಿ. ಎಲ್ಲ ಕೋರ್ಸಿಗಿಂತ ಮೊದಲು ಇದನ್ನು.

ಪಿಎಸ್‌ಎಂ_ಪಿಜಿ · ಬುಧವಾರ, ಮಧ್ಯಾಹ್ನ 1:15

ಹೊಟ್ಟೆಪಾಡಿನ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕ್ತೀನಿ. ನಾನು ಕಮ್ಯುನಿಟಿ ಮೆಡಿಸಿನ್ ಎಂಡಿ ಎರಡನೇ ವರ್ಷ.

ಒಬ್ಬರಿಗೆ ನಲವತ್ತು ನಿಮಿಷ ಕೊಟ್ಟರೆ ಸಂಜೆಗೆ ಆರು ಜನ. ಪಕ್ಕದ ಕ್ಲಿನಿಕ್‌ನಲ್ಲಿ ಅದೇ ಹೊತ್ತಿಗೆ ಮೂವತ್ತು. ಫೀಸು ಐದು ಪಟ್ಟು ಮಾಡಿದರೆ ಕೋರಮಂಗಲದಲ್ಲಿ ನಡೆಯಬಹುದು, ಆದರೆ ಹೂವಿನಮ್ಮ ಬರಲ್ಲ. ಹಾಗಾಗಿ ಬರೀ ಲೈಫ್‌ಸ್ಟೈಲ್ ಅಂತ ಮೊದಲ ದಿನವೇ ಬೋರ್ಡ್ ಹಾಕಬೇಡಿ, ಒಂದು ಗಟ್ಟಿ ನೆಲೆ ಇರಲಿ. ನನ್ನ ಪ್ರಕಾರ ಇದಕ್ಕೆ ತೀರಾ ಹತ್ತಿರದ್ದು ಫ್ಯಾಮಿಲಿ ಮೆಡಿಸಿನ್. ಡಿಎನ್‌ಬಿ (ಎಂಡಿ ತರಹದ್ದೇ ಸ್ನಾತಕೋತ್ತರ ಪದವಿ) ಮೂರು ವರ್ಷ, ಅದಕ್ಕೂ ಇದೇ ನೀಟ್-ಪಿಜಿ. ಅಪ್ಪನಿಗೂ ಸಮಾಧಾನ. ಸೀಟು ಸಿಗದಿದ್ದರೆ ಸಿಎಂಸಿ ವೆಲ್ಲೂರಿನ ದೂರಶಿಕ್ಷಣದ ಫ್ಯಾಮಿಲಿ ಮೆಡಿಸಿನ್ ಡಿಪ್ಲೊಮಾ ಇದೆ, ಕೆಲಸ ಮಾಡುತ್ತಲೇ ಎರಡು ವರ್ಷ. ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ 2010ರಿಂದ ನಡೆಸುವ ಮಧುಮೇಹದ ಸರ್ಟಿಫಿಕೇಟ್ ಕೋರ್ಸೂ ಇದೆ.

ಇನ್ನೊಂದು ದಾರಿ ರಾಜ್ಯ ಸರ್ಕಾರದ "ನಮ್ಮ ಕ್ಲಿನಿಕ್"ಗಳು. 2022ರ ಕೊನೆಗೆ ಶುರುವಾದವು, ಎಂಬಿಬಿಎಸ್ ಸಾಕು. ಗುಂಪಾಗಿ ನೋಡುವುದನ್ನು ಅಲ್ಲಿ ಮಾಡಿ ನೋಡಬಹುದು. ಹತ್ತು ಜನ ಶುಗರ್‌ನವರನ್ನು ಒಟ್ಟಿಗೆ ಕೂರಿಸಿದರೆ ನಲವತ್ತು ನಿಮಿಷ ದುಬಾರಿ ಆಗಲ್ಲ. ನಾವು ಪೋಸ್ಟಿಂಗ್‌ನಲ್ಲಿ ಒಂದು ಸಲ ಮಾಡಿದ್ದೆವು. ನಮ್ಮ ಭಾಷಣಕ್ಕೆ ಆಕಳಿಸುತ್ತಿದ್ದವರು, ಒಬ್ಬ ಅಜ್ಜಿ "ನಾನು ಉಪ್ಪಿನಕಾಯಿ ಹೆಂಗೆ ಬಿಟ್ಟೆ ಗೊತ್ತಾ" ಅಂದ ಕೂಡಲೇ ಎದ್ದು ಕೂತರು.

ಗಾಂಧಿಬಜಾರ್_ಗುರು · ಬುಧವಾರ, 4:00

ಹಾಗಾದರೆ "ಮೂರು ತಿಂಗಳಲ್ಲಿ ಡಯಾಬಿಟಿಸ್ ಮಾಯ" ಅಂತ ಫೋನಿಗೆ ದಿನಾ ಜಾಹೀರಾತು ಬರುತ್ತಲ್ಲ, ಅದೂ ಲೈಫ್‌ಸ್ಟೈಲ್ ಮೆಡಿಸಿನ್ನೇನಾ? ನಮ್ಮ ಭಾವ ಒಂದು ಕಡೆ ಪ್ಯಾಕೇಜಿಗೆ ದುಡ್ಡು ಸುರಿದು, ಎಂಟು ಕೆಜಿ ಇಳಿಸಿ, ವರ್ಷದಲ್ಲಿ ಹತ್ತು ಕೆಜಿ ಏರಿಸಿಕೊಂಡರು.

ಹಳೇ_ಫಿಜಿಷಿಯನ್ · ಬುಧವಾರ, ರಾತ್ರಿ 10:10

ಮಾಯ ಅಲ್ಲ, ರೆಮಿಷನ್. ಮಾತ್ರೆ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಹಾಗೆ ಕರೆಯಬೇಕು ಅಂತ 2021ರಲ್ಲಿ ಪರಿಣತರು ಒಪ್ಪಿದರು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಒಂದು ವರ್ಷಕ್ಕೆ 46% ಜನ ಅಲ್ಲಿಗೆ ಮುಟ್ಟಿದರು, ಎರಡನೇ ವರ್ಷಕ್ಕೆ 36%. ಅವರೆಲ್ಲ ಶುಗರ್ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ಮೇಲೆ ಇಲ್ಲದವರು, ದಪ್ಪ ಇದ್ದವರು. ತೂಕ ವಾಪಸ್ ಬಂದರೆ ಶುಗರ್ ಕೂಡ ವಾಪಸ್. ಜಾಹೀರಾತಿನವರು ಈ ಕೊನೆಯ ಮೂರು ಸಾಲು ಹಾಕಲ್ಲ.

ಡಾಕ್ಟ್ರೇ, ನಿಮ್ಮ ಅಪ್ಪ ಹೇಳುವುದರಲ್ಲಿ ಅರ್ಧ ನಿಜ ಇದೆ. ಗಟ್ಟಿ ವೈದ್ಯೆ ಆಗುವುದು ಮೊದಲು. ಆದರೆ ಅಡುಗೆಮನೆ ಬಗ್ಗೆ ಕೇಳುವುದನ್ನು ಎಂಡಿ ಮುಗಿಯುವವರೆಗೆ ಮುಂದೂಡಬೇಡಿ. ಆಮೇಲೆ ಕೇಳುವ ಅಭ್ಯಾಸವೇ ಹೋಗಿರುತ್ತದೆ. ಭಾನುವಾರ ಬೆಳಿಗ್ಗೆ ನನ್ನ ಕ್ಲಿನಿಕ್‌ನಲ್ಲಿ ರಶ್ ಇರಲ್ಲ. ಬಂದು ಪಕ್ಕದಲ್ಲಿ ಕೂರುವುದಾದರೆ ಮೆಸೇಜ್ ಮಾಡಿ.

ನೈಟ್‌ಡ್ಯೂಟಿ_ಡಾಕ್ಟರ್ · ನಾಲ್ಕು ತಿಂಗಳ ನಂತರ

ಈ ಚರ್ಚೆ ಯಾರಿಗಾದರೂ ನೆನಪಿದೆಯಾ?

ಭಾನುವಾರ ಹೋಗುತ್ತಿದ್ದೇನೆ. ಮೊದಲ ತಿಂಗಳು ಬಾಯಿ ಬಿಡಬಾರದು ಅಂತ ಸರ್ ಆರ್ಡರ್. ನೀಟ್-ಪಿಜಿಗೆ ಓದುವುದೂ ಈಗ ಸ್ವಲ್ಪ ನಿಜವಾಗಿದೆ. ಫ್ಯಾಮಿಲಿ ಮೆಡಿಸಿನ್ ಮೊದಲ ಆಯ್ಕೆ. ಅಪ್ಪ "ಅದೇನದು, ಫ್ಯಾಮಿಲಿ ಕೋರ್ಟ್ ತರ" ಅಂದರು. ಬೈಯಲಂತೂ ಇಲ್ಲ.

ಹೂವಿನಮ್ಮ ಬರುತ್ತಿದ್ದಾರೆ. ಮಾರ್ಕೆಟ್‌ನಲ್ಲಿ ಕೈ ನಡುಗಿದ ಹೊತ್ತಿಗೆ ಸೊಸೆ ಶುಗರ್ ನೋಡಿದ್ದಳು, ಒಂದು ದಿನ 62, ಇನ್ನೊಂದು ದಿನ 58, ಎರಡೂ ತೀರಾ ಕಡಿಮೆ. ನಮ್ಮ ಕನ್ಸಲ್ಟೆಂಟ್ ಆ ಮಾತ್ರೆಯನ್ನು ಅರ್ಧಕ್ಕಿಳಿಸಿ, ಹತ್ತೂವರೆ ಊಟಕ್ಕೆ ಸರಿಸಿದರು. ಈಗ ಹೊರಡುವಾಗ ಒಂದು ಡಬ್ಬಿಯಲ್ಲಿ ಹುರಿಗಡಲೆ, ಒಂದು ಬೇಯಿಸಿದ ಮೊಟ್ಟೆ. ಅದು ಅವರದೇ ಐಡಿಯಾ, ನನ್ನದಲ್ಲ. ಬನ್ನು ವಾರಕ್ಕೆ ಒಂದೋ ಎರಡೋ. ಎಚ್‌ಬಿಎ1ಸಿ 10.8 ಇದ್ದದ್ದು 9.1. ಮಾತ್ರೆ ಇಳಿಸಿದ ಮೇಲೆ ಶುಗರ್ ಇಳಿದಿದೆ! ಇನ್ನೂ ಜಾಸ್ತಿನೇ, ಇನ್ನೊಂದು ಔಷಧಿ ಸೇರಿಸಿದ್ದಾರೆ. ಕಾಲಿನ ಗಾಯ ಒಣಗಿದೆ.

ಆ ಜೆರಾಕ್ಸ್ ಚಾರ್ಟನ್ನು ತೆಗೆಸಲು ನನ್ನಿಂದ ಆಗಲಿಲ್ಲ, ಅದು ಫೈಲಿನ ಭಾಗವಂತೆ. ಅದರ ಹಿಂದಿನ ಖಾಲಿ ಪುಟದಲ್ಲಿ ಕೈಯಲ್ಲೇ ಮೂರು ಪ್ರಶ್ನೆ ಬರೆಯುತ್ತಿದ್ದೇನೆ. ಎಷ್ಟು ಗಂಟೆಗೆ ಏಳುತ್ತೀರಿ? ಅಡುಗೆ ಯಾರು ಮಾಡುತ್ತಾರೆ? ಮೊದಲ ಮಾತ್ರೆ ಆದ ಮೇಲೆ ಊಟ ಎಷ್ಟು ಹೊತ್ತಿಗೆ? ರಾತ್ರಿ ಪಾಳಿಯ ಸಿಸ್ಟರ್ ಮೊದಲು ಗೊಣಗುತ್ತಿದ್ದರು. ಮೊನ್ನೆ ನಾನು ರಜೆ ಇದ್ದೆ. ಬಂದು ನೋಡಿದರೆ ಎರಡು ಫೈಲಿನಲ್ಲಿ ಅವರ ಅಕ್ಷರದಲ್ಲಿ ಬರೆದಿತ್ತು, ನಾಲ್ಕನೇ ಪ್ರಶ್ನೆಯನ್ನೂ ಸೇರಿಸಿದ್ದರು: "ಮನೇಲಿ ಎಣ್ಣೆ ಎಷ್ಟು ಲೀಟ್ರು?"

ಒಗ್ಗರಣೆ_ಡಯಟೀಷಿಯನ್ · 20 ನಿಮಿಷದ ನಂತರ

ಸಿಸ್ಟರ್ ಈ ಚರ್ಚೆ ಓದ್ತಿದ್ದಾರೆ ಅಂತ ಅರ್ಥ. ಸಿಸ್ಟರ್, ಮನೇಲಿ ಎಷ್ಟು ಜನ ಅನ್ನೋದನ್ನೂ ಕೇಳಿ, ಇಲ್ಲಾಂದ್ರೆ ಲೆಕ್ಕ ಬರಲ್ಲ.